ಸ್ಟ್ರೋಕ್ ಆದವರು ಮತ್ತೆ ಹಾಲಿನ ಬೂತಿಗೆ ಹೋಗುವ ತನಕ: ಮನೆಯವರು ಮಾಡಬೇಕಾದ್ದು ಏನು?

ಅಪ್ಪನಿಗೆ ಸ್ಟ್ರೋಕ್ ಆಗಿ, ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಮೂರು ತಿಂಗಳು ನಾವು ಅವರನ್ನು ಎಳೆ ಮಗುವಿನ ಹಾಗೆ ನೋಡಿಕೊಂಡೆವು. ಅಮ್ಮ ತುತ್ತು ಮಾಡಿ ಬಾಯಿಗೆ ಇಡುತ್ತಿದ್ದರು. ಶರ್ಟಿನ ಗುಂಡಿ ನಾನು ಹಾಕುತ್ತಿದ್ದೆ. ನೀರಿನ ಕಡೆ ಕಣ್ಣು ಹಾಯಿಸಿದರೆ ಸಾಕು, ಯಾರಾದರೊಬ್ಬರು ಲೋಟ ಹಿಡಿದು ನಿಂತಿರುತ್ತಿದ್ದೆವು. ನೋಡಲು ಬಂದವರೆಲ್ಲ "ಎಷ್ಟು ಚೆನ್ನಾಗಿ ನೋಡ್ಕೋತಿದೀರಿ" ಅಂದು ಹೋದರು. ಅಪ್ಪನ ಬಲಗೈ ಮಾತ್ರ ಮಡಚಿಕೊಂಡು ತೊಡೆಯ ಮೇಲೆ ಬಿದ್ದೇ ಇತ್ತು.

ಆಮೇಲೆ ಮನೆಗೆ ಬರತೊಡಗಿದ ಫಿಸಿಯೋಥೆರಪಿಸ್ಟ್ ಹುಡುಗಿ ಮೊದಲ ದಿನ ಕೈ ಮುಟ್ಟಲಿಲ್ಲ, ಕಾಲು ಮುಟ್ಟಲಿಲ್ಲ. ಎದುರಿಗೆ ಕೂತು ಕೇಳಿದಳು: "ಅಂಕಲ್, ಸ್ವಲ್ಪ ಹುಷಾರಾದ್ರೆ ಮೊದಲು ಏನು ಮಾಡ್ಬೇಕು ಅಂತಿದೀರಾ?" ಅಪ್ಪ ತುಂಬ ಹೊತ್ತು ತಡವರಿಸಿ ಒಂದೇ ಮಾತು ಹೇಳಿದರು: "ಹಾಲು."

ನಮಗೆ ತಕ್ಷಣ ಅರ್ಥವಾಯಿತು. ಬೆಳಗ್ಗೆ ಐದೂವರೆಗೆ ಎದ್ದು ಬೀದಿ ಕೊನೆಯ ನಂದಿನಿ ಬೂತಿಗೆ ಹೋಗುವುದು, ಎರಡು ಪ್ಯಾಕೆಟ್ ತಗೊಳ್ಳುವುದು, ಅಲ್ಲೇ ನಿಂತು ನಾಲ್ಕು ಜನರ ಹತ್ತಿರ ಮಾತಾಡಿ ಬರುವುದು. ವರ್ಷಾನುಗಟ್ಟಲೆ ಮಾಡಿದ ಕೆಲಸ. ನಮ್ಮ ಮನೆಯಲ್ಲಿ ಚಿಕಿತ್ಸೆ ನಿಜವಾಗಿ ಶುರುವಾದದ್ದು ಆವತ್ತೇ ಅಂತ ನಾನು ಈಗಲೂ ಹೇಳುತ್ತೇನೆ.

ನಾವು ಕಲಿತದ್ದನ್ನು, ಆಮೇಲೆ ಹುಡುಕಿ ಓದಿದ ಸಂಶೋಧನೆಗಳನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಇದು ಡಿಸ್ಚಾರ್ಜ್ ಆಗಿ, ಬಿಪಿ ಹಿಡಿತಕ್ಕೆ ಬಂದು, ಡಾಕ್ಟರು "ಇನ್ನು ಓಡಾಡಿಸಿ" ಅಂದ ಮೇಲಿನ ಮಾತು. ಮೊದಲ ದಿನಗಳ ನಿರ್ಧಾರ ಆಸ್ಪತ್ರೆಯವರದ್ದೇ. ಅಲ್ಲಿ ಅವಸರ ಬೇಡ. ಆಸ್ಟ್ರೇಲಿಯಾದ ಜೂಲಿ ಬರ್ನ್‌ಹಾರ್ಟ್ ಅವರ ತಂಡ 5 ದೇಶಗಳ 2,104 ರೋಗಿಗಳ ಮೇಲೆ ನಡೆಸಿದ 'ಅವರ್ಟ್' ಅಧ್ಯಯನ 2015ರಲ್ಲಿ ಪ್ರಕಟವಾಯಿತು. 24 ಗಂಟೆಯೊಳಗೇ ಎಬ್ಬಿಸಿ ಜಾಸ್ತಿ ಓಡಾಡಿಸಿದವರಲ್ಲಿ, ಮೂರು ತಿಂಗಳ ನಂತರ ಚೆನ್ನಾಗಿ ಚೇತರಿಸಿಕೊಂಡವರ ಪ್ರಮಾಣ ಉಳಿದವರಿಗಿಂತ ಸ್ವಲ್ಪ ಕಡಿಮೆಯೇ ಇತ್ತು. ಸ್ವಲ್ಪ ಸ್ವಲ್ಪ ಹೊತ್ತು, ದಿನಕ್ಕೆ ಹಲವು ಸಲ ಎಬ್ಬಿಸುವುದು ಒಳ್ಳೆಯದು ಅನ್ನುವುದು ಅದೇ ಅಧ್ಯಯನದಿಂದ ಆಮೇಲೆ ಹೊರಬಂದ ವಿಷಯ.

ಮೊದಲು ಒಂದು ಕೆಲಸ ಆರಿಸಿ

"ಕೈ ಸರಿಯಾಗಬೇಕು, ಕಾಲು ಸರಿಯಾಗಬೇಕು" ಅಂತ ಎಲ್ಲರೂ ಹೇಳುತ್ತೇವೆ. ಅದರಿಂದ ನಾಳೆ ಬೆಳಗ್ಗೆ ಏನು ಮಾಡಬೇಕು ಅನ್ನುವುದು ಗೊತ್ತಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿಕೊಂಡ ವರ್ಗೀಕರಣವೊಂದಿದೆ. ಅದು ಮನುಷ್ಯನ ಸ್ಥಿತಿಯನ್ನು ಮೂರು ಮಟ್ಟದಲ್ಲಿ ನೋಡುತ್ತದೆ: ದೇಹದ ಅಂಗ, ಆ ಅಂಗದಿಂದ ಮಾಡುವ ಕೆಲಸ, ಆ ಕೆಲಸದಿಂದ ನಾಲ್ಕು ಜನರ ನಡುವೆ ಬದುಕುವುದು. ಅಪ್ಪನ ಲೆಕ್ಕದಲ್ಲಿ ಬೆರಳು ಬಿಚ್ಚುವುದು ಮೊದಲನೆಯದು. ಹಾಲಿನ ಪ್ಯಾಕೆಟ್ ಹಿಡಿಯುವುದು ಎರಡನೆಯದು. ಬೂತಿನ ಹತ್ತಿರ ನಿಂತು "ಏನ್ರೀ, ಮಳೆ ಬರೋ ಹಾಗಿದೆ" ಅನ್ನುವುದು ಮೂರನೆಯದು. ಮೂರನೆಯದರಿಂದ ಶುರು ಮಾಡಿ ಹಿಂದಕ್ಕೆ ಬನ್ನಿ.

ಕೇಳಬೇಕಾದದ್ದು ಅವರನ್ನೇ. "ಅವರಿಗೆ ಪೂಜೆ ಅಂದ್ರೆ ಇಷ್ಟ" ಅಂತ ನಾವೇ ತೀರ್ಮಾನಿಸಬಾರದು. ಮಾತು ಹೋಗಿದ್ದರೆ ಫೋಟೋ ತೋರಿಸಿ: ದೇವಸ್ಥಾನ, ತೋಟ, ಅಡುಗೆಮನೆ, ಅಂಗಡಿ, ಅಕ್ಕನ ಮನೆ. ಕಣ್ಣು ಎಲ್ಲಿ ನಿಲ್ಲುತ್ತದೆ ನೋಡಿ. ಮಾತಿನ ತೊಂದರೆಗೆ ಸ್ಪೀಚ್ ಥೆರಪಿ ಬೇಕೇ ಬೇಕು. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ, ಮರೆಯಬೇಡಿ.

ಕೆಲಸವನ್ನು ಬಿಡಿಸಿ ಬರೆಯಿರಿ

ಒಂದು ನೋಟ್‌ಬುಕ್ ಇಡಿ. ನಮ್ಮದರ ಮೊದಲ ಪುಟ ಹೀಗಿತ್ತು: ಮಂಚದಿಂದ ಏಳುವುದು. ಚಪ್ಪಲಿ ಮೆಟ್ಟುವುದು. ಹೊಸ್ತಿಲು ದಾಟುವುದು. ಎರಡು ಮೆಟ್ಟಿಲು ಇಳಿಯುವುದು. ಗೇಟಿನಿಂದ ಬೂತಿಗೆ 180 ಹೆಜ್ಜೆ. ಐದು ನಿಮಿಷ ನಿಲ್ಲುವುದು. ಜೇಬಿನಿಂದ ದುಡ್ಡು ತೆಗೆಯುವುದು. ಚೀಲ ಹಿಡಿದು ವಾಪಸ್ 180 ಹೆಜ್ಜೆ. ಪ್ರತಿಯೊಂದರ ಎದುರು 'ತಾವೇ', 'ಸ್ವಲ್ಪ ಸಹಾಯ', 'ಪೂರ್ತಿ ಸಹಾಯ' ಅಂತ ಗುರುತು ಹಾಕಿದೆವು. ಮೊದಲ ವಾರ ಎಲ್ಲದರ ಎದುರೂ 'ಪೂರ್ತಿ' ಅಂತಲೇ ಇತ್ತು. ಚಪ್ಪಲಿ ಒಂದನ್ನು ಬಿಟ್ಟು. ಅದು ಅವರಿಗೆ ಮೆಟ್ಟಲು ಬರುತ್ತಿತ್ತು, ನಮಗೇ ಗೊತ್ತಿರಲಿಲ್ಲ! ನಾವು ಬಿಟ್ಟಿದ್ದರೆ ತಾನೇ?

ಚಪ್ಪಲಿ ವಿಷಯ ಬಂದಾಗ ಹೇಳಿಬಿಡುತ್ತೇನೆ: ಹವಾಯಿ ಚಪ್ಪಲಿ ಬೇಡ. ಹಿಂದೆ ಪಟ್ಟಿ ಇರುವ, ಅಂಟಿಸುವ ಸ್ಯಾಂಡಲ್ ಕೊಡಿಸಿ.

ಲೆಕ್ಕ ಇಟ್ಟು ಮಾಡಿಸಿ

ಅಮೆರಿಕದಲ್ಲಿ ಕ್ಯಾಥರೀನ್ ಲ್ಯಾಂಗ್ ಮತ್ತವರ ಜೊತೆಯವರು ಸ್ಟ್ರೋಕ್ ಆದವರ ಥೆರಪಿ ನಡೆಯುವಾಗ ಪಕ್ಕದಲ್ಲಿ ನಿಂತು ಎಣಿಸಿದರು. 312 ಸೆಷನ್‌ಗಳನ್ನು ನೋಡಿದ ಆ ವರದಿ 2009ರಲ್ಲಿ ಬಂತು. ಕೈಯಿಂದ ಕೆಲಸ ಮಾಡಿಸಿದ ಸೆಷನ್‌ಗಳಲ್ಲಿ ರೋಗಿ ಅಂಥ ಚಲನೆ ಮಾಡಿದ್ದು ಸರಾಸರಿ 32 ಸಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮೆದುಳು ಬದಲಾಗಲು ದಿನಕ್ಕೆ ನೂರಾರು ಸಲ ಮಾಡಿಸಿರುತ್ತಾರೆ. ಅಂದರೆ ಥೆರಪಿಸ್ಟ್ ಬಂದು ಹೋಗುವ ಮುಕ್ಕಾಲು ಗಂಟೆ ಸಾಲುವುದಿಲ್ಲ. ಉಳಿದ ಹೊತ್ತು ಮನೆಯದ್ದು.

ಕಾಲಿಗೆ ಎಲ್ಲಕ್ಕಿಂತ ಒಳ್ಳೆಯ ಅಭ್ಯಾಸ ಕುರ್ಚಿಯಿಂದ ಎದ್ದು ಕೂರುವುದು. ಗಟ್ಟಿ ಕುರ್ಚಿ, ಹಿಂದೆ ಗೋಡೆ. ಎರಡೂ ಪಾದ ನೆಲಕ್ಕೆ ಊರಿ, ಮೂಗು ಮಂಡಿಗಿಂತ ಮುಂದೆ ಬರುವಷ್ಟು ಬಾಗಿ, ಆಮೇಲೆ ಏಳಬೇಕು. ಬಲ ಕಡಿಮೆ ಇರುವ ಕಾಲಿನ ಮೇಲೂ ಭಾರ ಬೀಳುತ್ತಿದೆಯೇ ನೋಡಿ. ಅದೇ ಮುಖ್ಯ. ಏಳಲು ಆಗದಿದ್ದರೆ ಕುರ್ಚಿ ಮೇಲೆ ದಪ್ಪ ದಿಂಬು ಹಾಕಿ ಎತ್ತರ ಮಾಡಿ, ವಾರ ಕಳೆದ ಹಾಗೆ ತೆಗೆಯಿರಿ. ಐದು ಸಲ ಮಾಡಿ ವಿಶ್ರಾಂತಿ, ಮತ್ತೆ ಐದು. ಅಪ್ಪ ಕಾಫಿಗೆ ಮುಂಚೆ ಐದು, ಪೇಪರಿಗೆ ಮುಂಚೆ ಐದು, ಟಿವಿಯ ಪ್ರತಿ ಜಾಹೀರಾತಿಗೆ ಐದು ಅಂತ ಮಾಡಿಕೊಂಡರು. ರಾತ್ರಿ ಲೆಕ್ಕ ಹಾಕಿದರೆ ಐವತ್ತು ದಾಟಿರುತ್ತಿತ್ತು.

ಕೈ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ. ಮನೆಯವರು ಬೇಗ ಕೈಬಿಡುವುದು ಕೈಯನ್ನೇ.

ಎಡ್ವರ್ಡ್ ಟಾಬ್ ಅನ್ನುವ ಅಮೆರಿಕದ ವಿಜ್ಞಾನಿ ತೋರಿಸಿಕೊಟ್ಟ ವಿಷಯ ಇದು. ಶುರುವಿನಲ್ಲಿ ಕೈ ನಿಜವಾಗಿ ಆಡುವುದಿಲ್ಲ. ಪ್ರಯತ್ನಿಸಿದಾಗಲೆಲ್ಲ ಸೋಲುತ್ತದೆ. ಒಳ್ಳೆಯ ಕೈಯಿಂದ ಕೆಲಸ ಬೇಗ ಆಗುತ್ತದೆ. ಹೀಗೆ ಮೆದುಳು ಆ ಕೈಯನ್ನು ಬಳಸದೆ ಇರುವುದನ್ನೇ ಕಲಿತುಬಿಡುತ್ತದೆ. ಮುಂದೆ ಕೈಗೆ ಸ್ವಲ್ಪ ಬಲ ಬಂದರೂ ಅಭ್ಯಾಸ ಬಿಡುವುದಿಲ್ಲ. ಟಾಬ್ ಅವರ ವಿಧಾನವನ್ನು 'ಎಕ್ಸೈಟ್' ಅನ್ನುವ ದೊಡ್ಡ ಅಧ್ಯಯನದಲ್ಲಿ ಪರೀಕ್ಷಿಸಿದರು. ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾಗಿದ್ದ 222 ಜನ. ಅರ್ಧ ಜನರ ಒಳ್ಳೆಯ ಕೈಗೆ ಎರಡು ವಾರ ದಪ್ಪ ಕೈಗವಸು ತೊಡಿಸಿದರು, ಎಚ್ಚರವಿರುವ ಹೊತ್ತಿನ ಶೇ. 90ರಷ್ಟು ಕಾಲ ಅದು ಕೈಯಲ್ಲಿರಬೇಕಿತ್ತು. ದುರ್ಬಲ ಕೈಯಿಂದಲೇ ಗಂಟೆಗಟ್ಟಲೆ ಕೆಲಸ ಮಾಡಿಸಿದರು. ವರ್ಷದ ನಂತರವೂ ಇವರ ಕೈ ಉಳಿದವರಿಗಿಂತ ಚೆನ್ನಾಗಿತ್ತು. 2006ರಲ್ಲಿ ಇದು ಪ್ರಕಟವಾಯಿತು.

ಇದನ್ನು ಓದಿ ನೀವೇ ಮನೆಯಲ್ಲಿ ಒಳ್ಳೆಯ ಕೈ ಕಟ್ಟಿಹಾಕಬೇಡಿ. ಮಣಿಕಟ್ಟು, ಬೆರಳು ಸ್ವಲ್ಪವಾದರೂ ತಾವಾಗಿ ಮೇಲೆ ಏಳುವವರಿಗೆ ಮಾತ್ರ ಈ ವಿಧಾನ, ಅದೂ ಥೆರಪಿಸ್ಟ್ ನೋಡಿ ಹೇಳಿದ ಮೇಲೆ. ಕೈ ಕಟ್ಟಿ ನಡೆಸಿದರೆ ಬೀಳುತ್ತಾರೆ. ಆದರೆ ಅದರ ಹಿಂದಿನ ವಿಚಾರ ಎಲ್ಲರಿಗೂ ಸಲ್ಲುತ್ತದೆ: ದುರ್ಬಲ ಕೈಗೆ ದಿನವಿಡೀ ಏನಾದರೂ ಕೆಲಸ ಇರಬೇಕು.

ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಬೇಕಾದ್ದೆಲ್ಲ ಇದೆ. ಅವರೆಕಾಯಿ ಬಿಡಿಸುವುದು, ಬೆಳ್ಳುಳ್ಳಿ ಸುಲಿಯುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ಚಪಾತಿ ಹಿಟ್ಟು ನಾದುವುದು, ಒಗೆದ ಬಟ್ಟೆ ಮಡಚುವುದು. ಬೆರಳು ಆಡದಿದ್ದರೆ ಕೈಯನ್ನು ತೂಕದ ಹಾಗೆ ಬಳಸಿ. ಚಪಾತಿ ಹಿಟ್ಟಿನ ತಟ್ಟೆ ಜಾರದ ಹಾಗೆ ಒತ್ತಿ ಹಿಡಿಯಲಿ, ಪೇಪರಿನ ಅಂಚು ಒತ್ತಿ ಹಿಡಿಯಲಿ. ಅದೂ ಕೆಲಸವೇ.

ಅಪ್ಪನಿಗೆ ಕೊಟ್ಟದ್ದು ಒಂದು ಸಣ್ಣ ಸ್ಟೀಲ್ ಲೋಟ. ಮೊದಲು ಎಡಗೈಯಿಂದ ಬಲಗೈಯ ಬೆರಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಹೆಬ್ಬೆರಳು ಮಾತ್ರ ಅಂಗೈಯೊಳಗೇ ಅಡಗಿ ಕೂರುತ್ತಿತ್ತು. ಅದನ್ನು ಹೊರಗೆ ತಂದು, ಲೋಟವನ್ನು ಕೈಯೊಳಗೆ ಕೂರಿಸಿ, ಎರಡು ಇಂಚು ಎತ್ತಿ, ಪಕ್ಕಕ್ಕೆ ಇಡಬೇಕು. ಹಿಡಿಯುವುದು ಎರಡು ವಾರಕ್ಕೇ ಬಂತು. ಬಿಡುವುದು ಬರಲಿಲ್ಲ. ಲೋಟ ಇಟ್ಟ ಮೇಲೂ ಬೆರಳು ಅಂಟಿಕೊಂಡೇ ಇರುತ್ತಿದ್ದವು, ಅವಸರ ಮಾಡಿದರೆ ಇನ್ನೂ ಬಿಗಿಯುತ್ತಿದ್ದವು. "ಉಸಿರು ಬಿಡಿ ಅಂಕಲ್, ಆಮೇಲೆ ಕೈ ಬಿಡಿ" ಅಂತ ಆ ಹುಡುಗಿ ಹೇಳಿಕೊಟ್ಟಳು. ಉಸಿರು ಬಿಟ್ಟು, ಮಣಿಕಟ್ಟನ್ನು ಸ್ವಲ್ಪ ಕೆಳಗೆ ಬಗ್ಗಿಸಿದರೆ ಕಿರುಬೆರಳು ಮೊದಲು ಸಡಿಲಾಗುತ್ತಿತ್ತು, ಹೆಬ್ಬೆರಳು ಕೊನೆಗೆ. ಬೆಳಗ್ಗೆ 40, ಸಂಜೆ 40. ಅಮ್ಮ ಪಕ್ಕದಲ್ಲಿ ಕೂತು ಹುಣಸೆಬೀಜದಲ್ಲಿ ಲೆಕ್ಕ ಇಡುತ್ತಿದ್ದರು.

ಒಂದು ಎಚ್ಚರಿಕೆ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ: ದುರ್ಬಲ ಕೈ ಹಿಡಿದು ಎಳೆಯಬಾರದು. ಎಬ್ಬಿಸುವಾಗ, ಮಗ್ಗುಲು ತಿರುಗಿಸುವಾಗ, ಯಾವಾಗಲೂ. ಸ್ನಾಯು ಸಡಿಲವಾಗಿರುವಾಗ ಭುಜದ ಕೀಲು ಜಾರುತ್ತದೆ, ಆಮೇಲೆ ಬರುವ ಭುಜನೋವು ತಿಂಗಳಾನುಗಟ್ಟಲೆ ಅಭ್ಯಾಸವನ್ನೇ ನಿಲ್ಲಿಸಿಬಿಡುತ್ತದೆ. ಕಿಟಕಿಗೆ ಹಗ್ಗ, ರಾಟೆ ಕಟ್ಟಿ ಕೈಯನ್ನು ತಲೆಯ ಮೇಲಕ್ಕೆ ಎಳೆಸುವುದೂ ಬೇಡ. ಎಷ್ಟೋ ಮನೆಗಳಲ್ಲಿ ಇದನ್ನು ಒಳ್ಳೆಯದಕ್ಕೆ ಅಂತಲೇ ಮಾಡುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ಏಳಿಸುವಾಗ ಸೊಂಟಕ್ಕೆ ಅಗಲವಾದ ಬೆಲ್ಟ್ ಹಾಕಿ ಅದನ್ನು ಹಿಡಿಯಿರಿ.

ಕಾಯುವುದನ್ನು ಕಲಿಯಿರಿ

ಇದು ಎಲ್ಲಕ್ಕಿಂತ ಕಷ್ಟದ ಹಂತ. ಕಷ್ಟ ರೋಗಿಗಲ್ಲ, ಮನೆಯವರಿಗೆ. ಗುಂಡಿ ಹಾಕಲು ಹೆಣಗುವುದನ್ನು ನೋಡುತ್ತ ಸುಮ್ನೆ ಕೂರುವುದು ಸುಲಭವಾ? ಕೈ ತಾನಾಗೇ ಮುಂದೆ ಹೋಗುತ್ತದೆ. ನಾವು ಒಂದು ನಿಯಮ ಮಾಡಿಕೊಂಡೆವು: ಅವರು ಕೇಳುವ ತನಕ, ಇಲ್ಲವೇ ಮನಸ್ಸಿನಲ್ಲಿ ಇಪ್ಪತ್ತು ಎಣಿಸುವ ತನಕ ಮುಟ್ಟಬಾರದು. ಬೆಳಗಿನ ಸ್ನಾನ, ಬಟ್ಟೆಗೆ ಒಂದು ಗಂಟೆ ಹಿಡಿಯಿತು. ಹಿಡಿಯಲಿ. ಅಷ್ಟು ಹೊತ್ತೂ ಅದು ವ್ಯಾಯಾಮವೇ.

ಕೆಲವು ಸುಲಭದ ದಾರಿಗಳಿವೆ. ಅಂಗಿ ಹಾಕುವಾಗ ದುರ್ಬಲ ಕೈ ಮೊದಲು ತೋಳಿಗೆ ಹೋಗಬೇಕು, ಬಿಚ್ಚುವಾಗ ಅದು ಕೊನೆಗೆ ಬರಬೇಕು. ಪಂಚೆ ಬದಲು ಎಲಾಸ್ಟಿಕ್ ಪ್ಯಾಂಟ್. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಹಿಡಿತ ಸಿಗುತ್ತದೆ. ಊಟಕ್ಕೆ ನೆಟ್ಟಗೆ ಕೂತೇ ಊಟ ಮಾಡಬೇಕು, ಆಮೇಲೂ ಅರ್ಧ ಗಂಟೆ ಮಲಗಬಾರದು. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ತಡ ಮಾಡದೆ ಡಾಕ್ಟರಿಗೆ ಹೇಳಿ.

ಹಾಗಂತ ಎಲ್ಲ ಹೊರೆ ಮನೆಯವರ ಮೇಲೆ ಹಾಕಿ ಆಸ್ಪತ್ರೆ ಕೈತೊಳೆದುಕೊಳ್ಳುವುದೂ ಸರಿಯಲ್ಲ. ನಮ್ಮ ದೇಶದಲ್ಲೇ ನಡೆದ 'ಅಟೆಂಡ್' ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಲೂಧಿಯಾನದ ಡಾ. ಜೆಯರಾಜ್ ಪಾಂಡಿಯನ್ ಮುಂದಾಳತ್ವದಲ್ಲಿ 14 ಆಸ್ಪತ್ರೆಗಳ 1,250 ರೋಗಿಗಳನ್ನು ತಗೊಂಡರು. ಅರ್ಧ ಜನರ ಮನೆಯವರಿಗೆ ಥೆರಪಿಸ್ಟ್ ತರಬೇತಿ ಕೊಟ್ಟು, ಎರಡು ತಿಂಗಳ ತನಕ ಮನೆಗೂ ಹೋಗಿ ಹೇಳಿಕೊಟ್ಟರು. 2017ರಲ್ಲಿ ಫಲಿತಾಂಶ ಬಂದಾಗ ಆರು ತಿಂಗಳ ನಂತರ ತೀರಿಕೊಂಡವರು, ಪರಾವಲಂಬಿಗಳಾಗಿ ಉಳಿದವರು ಸೇರಿ ಎರಡೂ ಗುಂಪಿನಲ್ಲಿ ಶೇ. 47ರಷ್ಟೇ ಇದ್ದರು. ನಾನು ಇದನ್ನು ಓದಿ ಮೊದಲು ಕುಗ್ಗಿದೆ. ಆಮೇಲೆ ಅರ್ಥವಾಯಿತು: ಪ್ರೀತಿ, ಸ್ವಲ್ಪ ತರಬೇತಿ ಇಷ್ಟರಿಂದಲೇ ಥೆರಪಿಸ್ಟ್ ಇಲ್ಲದ ಕೊರತೆ ತುಂಬುವುದಿಲ್ಲ. ಆದ್ದರಿಂದ ತಿಂಗಳಿಗೆ ಎರಡು ಸಲವಾದರೂ ಸರಿ, ಫಿಸಿಯೋ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವವರು) ನೋಡಿ, ಅಭ್ಯಾಸವನ್ನು ಬದಲಿಸಿಕೊಡಬೇಕು. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯಾರು ಅಂತ ಕೇಳಿ. ಜನ ವಿಆರ್‌ಡಬ್ಲ್ಯು ಅಂತಲೇ ಕರೆಯುತ್ತಾರೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್, ಬಸ್ ಪಾಸ್ ವಿಷಯದಲ್ಲೂ ಅವರಿಂದ ಸಹಾಯ ಸಿಗುತ್ತದೆ.

ನಡಿಗೆಯನ್ನು ಅಳೆಯಿರಿ

ದೊಡ್ಡ ಮೆಷಿನ್ ಇರುವ ಸೆಂಟರಿಗೆ ಕರೆದುಕೊಂಡು ಹೋಗಲಾಗಲಿಲ್ಲ ಅಂತ ಎಷ್ಟೋ ಮಕ್ಕಳು ಕೊರಗುತ್ತಾರೆ. ಅವರು ಪಮೇಲಾ ಡಂಕನ್ ತಂಡದ 'ಲೀಪ್ಸ್' ಅಧ್ಯಯನದ ಬಗ್ಗೆ ತಿಳಿಯಬೇಕು. ಅಮೆರಿಕದ 408 ಜನರಲ್ಲಿ ಕೆಲವರಿಗೆ ದೇಹವನ್ನು ಮೇಲಿಂದ ಎತ್ತಿ ಹಿಡಿದು ಟ್ರೆಡ್‌ಮಿಲ್ ಮೇಲೆ ನಡೆಸುವ ತರಬೇತಿ, ಇನ್ನು ಕೆಲವರಿಗೆ ಫಿಸಿಯೋ ಮನೆಗೇ ಬಂದು ಶಕ್ತಿ ಮತ್ತು ಸಮತೋಲನದ ವ್ಯಾಯಾಮ. 2011ರ ವರದಿಯ ಪ್ರಕಾರ ವರ್ಷದ ಕೊನೆಗೆ ಒಟ್ಟು ಶೇ. 52 ಜನರ ನಡಿಗೆ ಒಂದು ಮಟ್ಟ ಮೇಲೇರಿತ್ತು. ಗುಂಪುಗಳ ನಡುವೆ ವ್ಯತ್ಯಾಸ ಇರಲಿಲ್ಲ. ಅಂದರೆ ಮನೆಯ ಪಡಸಾಲೆಯೂ ಸಾಕು, ಮಾಡಿಸುವವರಿಗೆ ಕೆಲಸ ಗೊತ್ತಿದ್ದರೆ. ಅದೇ ಅಧ್ಯಯನದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಮ್ಮೆಯಾದರೂ ಬಿದ್ದಿದ್ದರು, ಅದನ್ನೂ ನೆನಪಿಡಿ.

ಅಳೆಯುವುದು ಹೀಗೆ. ಸಮತಟ್ಟಾದ ಜಾಗದಲ್ಲಿ ಸೀಮೆಸುಣ್ಣದಿಂದ 10 ಮೀಟರ್ ಗುರುತು ಹಾಕಿ. ಗುರುತಿಗೆ ಎರಡು ಮೀಟರ್ ಹಿಂದಿನಿಂದ ನಡೆಯಲು ಶುರು ಮಾಡಿ, ದಾಟಿ ಎರಡು ಮೀಟರ್ ಮುಂದೆ ಹೋಗಿ ನಿಲ್ಲಲಿ. ನಡುವಿನ 10 ಮೀಟರಿಗೆ ಹಿಡಿದ ಸಮಯವನ್ನು ಮೊಬೈಲಿನಲ್ಲಿ ನೋಡಿ. ಕ್ಯಾಲಿಫೋರ್ನಿಯಾದ ಮೂಳೆ ತಜ್ಞೆ ಜಾಕ್ವೆಲಿನ್ ಪೆರ್ರಿ ಮತ್ತು ತಂಡ 1995ರಲ್ಲಿ ಕೊಟ್ಟ ಲೆಕ್ಕ ಇದು: 25 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಓಡಾಟ ಹೆಚ್ಚಾಗಿ ಮನೆಯೊಳಗೇ. 25ರಿಂದ ಹನ್ನೆರಡೂವರೆ ಸೆಕೆಂಡಿನ ನಡುವೆ ಇದ್ದರೆ ಹತ್ತಿರದ ಓಡಾಟ ಆಗುತ್ತದೆ. ಅದಕ್ಕಿಂತ ಬೇಗ ದಾಟಿದರೆ ಹೊರಗೆ ಸಲೀಸು. ಅಪ್ಪನಿಗೆ ಮೊದಲ ಸಲ 31 ಸೆಕೆಂಡ್ ಬೇಕಾಯಿತು. ಎರಡು ತಿಂಗಳಿಗೆ 19ಕ್ಕೆ ಇಳಿಯಿತು. ನೋಟ್‌ಬುಕ್ಕಿನಲ್ಲಿ ಆ ಅಂಕಿಯ ಕೆಳಗೆ ಅವರೇ ಎಡಗೈಯಿಂದ ಗೆರೆ ಎಳೆದರು.

ಕೋಲು ಒಳ್ಳೆಯ ಕೈಯಲ್ಲಿರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ದುರ್ಬಲ ಕಾಲು ಮೊದಲು. ಜೊತೆಗೆ ಇರುವವರು ದುರ್ಬಲ ಬದಿಯಲ್ಲಿ, ಅರ್ಧ ಹೆಜ್ಜೆ ಹಿಂದೆ. ಬಚ್ಚಲಲ್ಲಿ ಹಿಡಿಕೆ, ಕಮೋಡ್ ಕುರ್ಚಿ, ಹೊಸ್ತಿಲಿನ ಅಂಚಿಗೆ ಎದ್ದು ಕಾಣುವ ಹಳದಿ ಟೇಪು ಹಾಕಿ, ನೆಲದ ಕಾಲೊರಸು ತೆಗೆಯಿರಿ.

ನಿಲ್ಲಿಸಬೇಕಾದಾಗ ನಿಲ್ಲಿಸಿ. ಎದೆನೋವು, ಮಾತಾಡಲಾಗದಷ್ಟು ಏದುಸಿರು, ತಲೆಸುತ್ತು ಬಂದರೆ ಆವತ್ತಿಗೆ ಸಾಕು, ಡಾಕ್ಟರಿಗೆ ಹೇಳಿ. ಎದೆನೋವು ಕೂತರೂ ಹೋಗದಿದ್ದರೆ, ಅಥವಾ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಹೊಸದಾಗಿ ಕೈ ಬಿದ್ದುಹೋದರೆ, ಮಾತು ತೊದಲಿದರೆ ತಕ್ಷಣ 108. ಸ್ಟ್ರೋಕಿಗೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೇ ಬೀಳಬೇಕು.

ಮನಸ್ಸಿನ ಕಡೆಗೂ ಕಣ್ಣಿರಲಿ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. "ಹಟ ಮಾಡ್ತಾರೆ, ಎಕ್ಸರ್‌ಸೈಜ್ ಮಾಡಲ್ಲ" ಅಂತ ಬೈಯುವ ಮುಂಚೆ ಇದನ್ನು ಯೋಚಿಸಿ. ಇದಕ್ಕೆ ಔಷಧಿ ಇದೆ. ಟೆಲಿಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವ ಅಮ್ಮಂದಿರೂ ಕರೆ ಮಾಡಬಹುದು.

ಬೀದಿಗೆ ಇಳಿಸಿ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಪಿಪ್ ಲೋಗನ್ ಅನ್ನುವ ಆಕ್ಯುಪೇಷನಲ್ ಥೆರಪಿಸ್ಟ್ ಸ್ಟ್ರೋಕ್ ಆದ 168 ಜನರ ಅಧ್ಯಯನ ಮಾಡಿದರು. ಒಂದು ಗುಂಪಿಗೆ ಹೊರಗೆ ಓಡಾಡುವ ಬಗ್ಗೆ ಮಾಹಿತಿ ಮಾತ್ರ. ಇನ್ನೊಂದು ಗುಂಪಿನ ಮನೆಗೆ ಥೆರಪಿಸ್ಟ್ ಏಳು ಸಲದವರೆಗೆ ಹೋಗಿ, ಹೊರಗೆ ಹೋಗಲು ಅಡ್ಡಿಯಾದದ್ದನ್ನು ಒಂದೊಂದಾಗಿ ಬಿಡಿಸಿದರು. 2004ರ ವರದಿಯಲ್ಲಿ, ನಾಲ್ಕು ತಿಂಗಳ ನಂತರ ಮೊದಲ ಗುಂಪಿನವರ ತಿಂಗಳ ಹೊರ ಓಡಾಟದ ಮಧ್ಯಮ ಸಂಖ್ಯೆ (ಎಲ್ಲರ ಲೆಕ್ಕ ಸಾಲಾಗಿ ಇಟ್ಟರೆ ನಡುವೆ ಬರುವುದು) 14, ಎರಡನೆಯವರದ್ದು 37. ಕಾಲಿನ ಬಲದ ಜೊತೆಗೆ ಧೈರ್ಯ, ಯಾವ ದಾರಿ, ಎಲ್ಲಿ ಕೂರುವುದು ಅನ್ನುವ ಸಣ್ಣ ಸಣ್ಣ ವಿಷಯಗಳೂ ಹೊರಗೆ ಹೋಗುವುದನ್ನು ತಡೆಯುತ್ತವೆ ಅಂತ ನನಗೆ ಇದರಿಂದ ಅನ್ನಿಸಿತು.

ನಾವು ಮಾಡಿದ್ದು ಇಷ್ಟೇ. ಮೊದಲ ವಾರ ಗೇಟಿನ ತನಕ. ಆಮೇಲೆ ಕರೆಂಟ್ ಕಂಬದ ತನಕ. ಅರ್ಧ ದಾರಿಯಲ್ಲಿ ಒಂದು ಅಂಗಡಿಯ ಮುಂದಿನ ಕಟ್ಟೆ ಮೇಲೆ ಕೂರಲು ಮೊದಲೇ ಕೇಳಿಕೊಂಡೆವು. ಹಾಲಿನ ಹೊತ್ತಿಗೆ ಬೀದಿನಾಯಿಗಳ ಕಾಟ ಅಂತ ಸಮಯವನ್ನು ಏಳಕ್ಕೆ ಬದಲಿಸಿದೆವು. ಎದುರು ಸಿಕ್ಕವರು "ಯಾಕೆ ಬಂದ್ರಿ, ನಾವೇ ತಂದ್ಕೊಡ್ತಿದ್ವಲ್ಲ" ಅನ್ನುತ್ತಿದ್ದರು. ನಾನು ಅವರನ್ನು ಪಕ್ಕಕ್ಕೆ ಕರೆದು ಕೈಮುಗಿದೆ: ದಯವಿಟ್ಟು ತಂದುಕೊಡಬೇಡಿ.

ಬೂತು ತಲುಪಿದ ದಿನ ಅಪ್ಪ ಬಲಗೈಯಿಂದಲೇ ನೋಟು ಕೊಡಲು ಹೋದರು. ಕೊಟ್ಟರು, ಬೆರಳು ಬಿಡಲಿಲ್ಲ. ಬೂತಿನವರು ಎಳೆಯದೆ ನೋಟಿನ ಇನ್ನೊಂದು ತುದಿ ಹಿಡಿದು ಸುಮ್ನೆ ನಿಂತರು. ಹಿಂದೆ ಮೂರು ಜನ ಕಾಯುತ್ತಿದ್ದರು. ಅಪ್ಪ ಉಸಿರು ಬಿಟ್ಟರು, ಮಣಿಕಟ್ಟು ಬಗ್ಗಿಸಿದರು, ಕಿರುಬೆರಳು ಸಡಿಲಾಯಿತು.

ನೋಟ್‌ಬುಕ್ಕಿನಲ್ಲಿ ಈಗ ಹೊಸ ಪುಟ. ತಿಪಟೂರಿನ ತಂಗಿ ಮನೆಗೆ ಬಸ್ಸಿನಲ್ಲಿ ಹೋಗಬೇಕಂತೆ. ಮೊನ್ನೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತಿದ್ದ ಬಸ್ಸಿನ ಮೊದಲ ಮೆಟ್ಟಿಲಿನ ಎತ್ತರವನ್ನು ಟೇಪ್ ಹಿಡಿದು ಅಳೆದು ಬಂದೆ. ನಮ್ಮ ಮನೆ ಮೆಟ್ಟಿಲಿಗಿಂತ ತುಂಬಾ ಎತ್ತರ. ಮುಂದಿನ ವಾರ ಫಿಸಿಯೋ ಬಂದಾಗ ಅಷ್ಟೇ ಎತ್ತರದ ಗಟ್ಟಿ ಮಣೆ ಮಾಡಿಸಿ, ಪಕ್ಕದಲ್ಲಿ ಹಿಡಿಯಲು ಕಂಬಿ ಇರುವ ಕಡೆ ಇಟ್ಟು, ದಿನಕ್ಕೆ ಹತ್ತು ಸಲ ಹತ್ತಿಸುವುದರಿಂದ ಶುರು ಮಾಡಬೇಕು.